ಹತ್ತು ಬಡಿತಕ್ಕೊಂದು ಗಂಟು

ಬೆಳಗಿನ ಐದೂವರೆಗೆ ಎಬ್ಬಿಸಿದರೆ ನನ್ನ ಮುಖ ಯಾರೂ ನೋಡಬಾರದು. ಅಂಥ ಹೊತ್ತಿನಲ್ಲಿ ಇಚಲಕರಂಜಿಯ ಒಂದು ಸಣ್ಣ ದವಾಖಾನೆಯ ವಾರ್ಡಿನ ಬಾಗಿಲಲ್ಲಿ, ಒಂದು ಗುಟುಕು ಚಹಾ ಸಹ ಕಾಣದೆ, ಪತ್ರಿಕೆಯ ಲೇಖನಕ್ಕೆಂದು ನೋಟ್‌ಬುಕ್ ಹಿಡಿದು ನಿಂತಿದ್ದೇನೆ. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳ ರಾತ್ರಿ ಪಾಳಿ ಇನ್ನೂ ಮುಗಿದಿಲ್ಲ. ಆ ಖಟಖಟ ಸದ್ದಿಗೆ ಗೋಡೆಯ ಕ್ಯಾಲೆಂಡರ್ ಕೂಡ ಅಲುಗುತ್ತಿದೆ. ಒಳಗೆ ತಂಗೆವ್ವ ತನ್ನ ಎರಡೂ ಅಂಗೈಗಳನ್ನು ತಿಕ್ಕಿ ತಿಕ್ಕಿ ಬಿಸಿ ಮಾಡಿಕೊಳ್ಳುತ್ತಿದ್ದಾಳೆ.

"ತಣ್ಣನ ಕೈ ಹಚ್ಚಿದ್ರ ಮಲಗಿದಾಂವ ಬೆಚ್ಚತಾನ್ರಿ," ಎಂದು ನನಗೆ ಪಿಸುಮಾತಿನಲ್ಲಿ ಹೇಳುತ್ತಾಳೆ. "ಬೆಚ್ಚಿದ್ರ ನಾಡಿ ಓಡತೈತಿ. ಆಮ್ಯಾಲ ಮತ್ತ ಮೊದಲಿಂದ ಎಣಸಬೇಕು."

ಏಳನೇ ಮಂಚದಲ್ಲಿ ಮಾಯಪ್ಪ ಮಲಗಿದ್ದಾನೆ. ಇಪ್ಪತ್ತೆಂಟು ವರ್ಷದ ಮಗ್ಗದ ಕೆಲಸಗಾರ, ಊರು ಗಡಹಿಂಗ್ಲಜದ ಹತ್ತಿರ. ಆರು ದಿನ ಸುಟ್ಟ ಜ್ವರ ನಿನ್ನೆ ಮಧ್ಯಾಹ್ನ ಇಳಿದಿದೆ. ತಂಗೆವ್ವ ಸ್ಟೂಲಿನ ಮೇಲೆ ಮರಳಿನ ಶೀಸೆಯನ್ನು ತಿರುಗಿಸಿಟ್ಟು ಅವನ ಮಣಿಕಟ್ಟಿಗೆ ಮೂರು ಬೆರಳು ಇಡುತ್ತಾಳೆ. ಮೇಲಿನ ಮರಳೆಲ್ಲ ಕೆಳಗಿಳಿಯಲು ಸರಿಯಾಗಿ ಒಂದು ನಿಮಿಷ. ಹತ್ತು ಬಡಿತ ಆದಾಗ ಆಕೆಯ ಎಡಗೈ ಹೆಬ್ಬೆರಳು ಬೆರಳಿನ ಒಂದು ಗೆಣ್ಣಿನಿಂದ ಇನ್ನೊಂದಕ್ಕೆ ಸರಿಯುತ್ತದೆ. ಮರಳು ಮುಗಿಯುತ್ತದೆ. ನಲವತ್ತೆಂಟು.

ಸೊಂಟದ ಚೀಲದಿಂದ ಒಂದು ಮೊಳ ಬಿಳಿ ನೂಲು ತೆಗೆದು ಐದು ಗಂಟು ಹಾಕಿ ಮಂಚದ ಸರಳಿಗೆ ಕಟ್ಟುತ್ತಾಳೆ. ಹತ್ತು ಬಡಿತಕ್ಕೊಂದು ಗಂಟು, ಐದಕ್ಕಿಂತ ಹೆಚ್ಚು ಉಳಿದರೆ ಅದಕ್ಕೂ ಒಂದು. ತಂಗೆವ್ವನಿಗೆ ಓದು ಬರಹ ಬಾರದು. ಸರಳಿನ ಮೇಲೆ ಹಿಂದಿನ ಬೆಳಗುಗಳ ನೂಲುಗಳನ್ನಷ್ಟೇ ಉಳಿಸಿದ್ದಾಳೆ, ಅವು ಸಾಲಾಗಿ ತೂಗುತ್ತಿವೆ: ಹನ್ನೊಂದು ಗಂಟಿನದು, ಮತ್ತೊಂದು ಹನ್ನೊಂದರದು, ಆಮೇಲೆ ಹತ್ತು, ಒಂಬತ್ತು, ಏಳು. ಈಗ ಐದು.

ಮಂಚದ ಪಕ್ಕ ನೆಲದ ಮೇಲೆ ಮಾಯಪ್ಪನ ಹೆಂಡತಿ ಜನಾಬಾಯಿ ಕೂತಿದ್ದಾಳೆ. ಆಜರಾ ಕಡೆಯ ಗುಡ್ಡದ ಹುಡುಗಿ, ಗಂಡನ ಜೊತೆ ಇಲ್ಲಿಗೆ ಬಂದು ಆರು ತಿಂಗಳೂ ಆಗಿಲ್ಲ. ಆಕೆಯ ಕಣ್ಣು ಗಂಡನ ಮುಖದ ಮೇಲಿಲ್ಲ, ನೂಲಿನ ಮೇಲಿದೆ. "ಚಿಂತಿ ಮಾಡಬ್ಯಾಡವಾ, ಆರಾಮ ಅದಾನ," ಎಂದು ತಂಗೆವ್ವ ಆಕೆಯ ತಲೆ ಸವರಿ ಎಂಟನೇ ಮಂಚಕ್ಕೆ ನಡೆಯುತ್ತಾಳೆ. ಇಪ್ಪತ್ತೆರಡು ರೋಗಿಗಳಿದ್ದಾರೆ, ಹದಿನಾರು ಮಂದಿ ಮಂಚದ ಮೇಲೆ, ಉಳಿದವರು ಚಾಪೆಯ ಮೇಲೆ. ಬೆಳಿಗ್ಗೆ, ಸಂಜೆ, ಮಲಗುವ ಮುಂಚೆ, ದಿನಕ್ಕೆ ಮೂರು ಸಲ ಎಲ್ಲರ ನಾಡಿಯನ್ನೂ ಈಕೆಯೇ ಎಣಿಸಬೇಕು. ಅರವತ್ತಾರು ಎಣಿಕೆ, ಅರವತ್ತಾರು ನೂಲು. ಒಂದು ಬೆಳಗಿಗೇ ನನ್ನ ಸೊಂಟ ಹಿಡಿಯಿತು, ನಾನು ಬರೀ ಹಿಂದೆ ಹಿಂದೆ ಓಡಾಡಿದವನು.

ತಂಗೆವ್ವನಿಗೀಗ ನಲವತ್ತಾರೋ ನಲವತ್ತೇಳೋ. ಆಕೆಗೇ ನಿಕ್ಕಿಯಿಲ್ಲ. ಮದುವೆಯಾಗಿ ಈ ಊರಿಗೆ ಬಂದವಳು ಹದಿನಾಲ್ಕು ವರ್ಷ ಕಂಡಿಕೆ ಸುತ್ತಿದಳು. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿ ಅದು. ಚರಕದ ಮುಂದೆ ಕೂತು ದಿನವಿಡೀ ನೂಲು ಸುತ್ತುವುದು, ಕಡಿದಲ್ಲಿ ಗಂಟು ಹಾಕುವುದು, ಮತ್ತೆ ಸುತ್ತುವುದು. ಆಮೇಲೆ ಕರೆಂಟಿನ ಮಶೀನು ಬಂತು. "ಒಂದ ಮಶೀನ ಎಂಟ ಮಂದಿ ಕೆಲಸ ಮಾಡ್ತಿತ್ತ್ರಿ. ನಾವು ಎಂಟೂ ಮಂದಿ ಒಂದ ದಿನ ಮನಿಗಿ ಬಂದ್ವಿ. ಮೂರ ದಿನ ನಾ ಸುಮ್ನ ಕುಂತೆ. ಬೆರಳು ಮಾತ್ರ ಕುಂದರವಲ್ವು, ಸೆರಗಿಗೇ ಗಂಟ ಹಾಕತಿದ್ವು," ಎಂದು ನಗುತ್ತಾಳೆ. ಗಂಡನಿಗೆ ಹತ್ತಿಯ ಧೂಳಿನಿಂದ ದಮ್ಮು, ಅವನದೂ ಅರ್ಧ ಕೆಲಸ. ಆಗ ಡಾಕ್ಟರ್ ಜಿನದತ್ತ ಚೌಗುಲೆಯವರ ದವಾಖಾನೆಗೆ ಕಸ ಹೊಡೆಯಲು ಸೇರಿದಳು.

ಹೋದ ವರ್ಷ, ಅಂದರೆ ಸಾವಿರದ ಒಂಬೈನೂರ ಅರವತ್ತಮೂರರ ಮಳೆಗಾಲ ಮುಗಿಯುವ ಹೊತ್ತಿಗೆ ಕೂಲಿಗಾರರ ಓಣಿಗಳಲ್ಲಿ ಈ ಜ್ವರ ಬಂತು. ಮೈಕೈ ಕೀಲೆಲ್ಲ ಮುರಿದು ಹಾಕುವ ಜ್ವರ. ಜನ ಅದನ್ನು ಹಾಡಮೋಡಿ ಎಂದರು, ಎಲುಬು ಮುರುಕ ಎಂದರು. ಡಾಕ್ಟರು ಪುಸ್ತಕ ತೆಗೆದು ನೋಡಿ ಡೆಂಗ್ಯೂ ಎಂದರು. ವಾರದೊಳಗೆ ದವಾಖಾನೆ ತುಂಬಿತು. ಕಂಪೌಂಡರ್ ರಾಮಲಿಂಗನೂ ಅದೇ ಜ್ವರದಲ್ಲಿ ಮಂಚ ಹಿಡಿದ. ಉಳಿದವರು ಯಾರು? ಡಾಕ್ಟರು, ಪೊರಕೆ ಹಿಡಿದ ತಂಗೆವ್ವ.

"ನಾಡಿ ಎಣಿಸಲು ಜನ ಬೇಕಾಗಿತ್ತು," ಎಂದು ಡಾಕ್ಟರು ನಿನ್ನೆ ನನಗೆ ಹೇಳಿದರು. ವಾರಕ್ಕೊಮ್ಮೆ ಅವರು ಗಡಹಿಂಗ್ಲಜದಲ್ಲಿ ರೋಗಿಗಳನ್ನು ನೋಡುತ್ತಾರೆ. ಎಸ್.ಟಿ. ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲೇ ಮಾತಾಡಿದರು. "ಮರಳಿನ ಶೀಸೆ ಕೊಟ್ಟೆ. ಹತ್ತರ ಲೆಕ್ಕ ಆಕಿಗೆ ಮೊದಲೇ ಬರ್ತಿತ್ತು. ಗಂಟಿನ ಉಪಾಯ ಆಕಿದೇ. ನಾನು ಕಲಿಸಿದ್ದು ಒಂದು ಪಾಲು, ಆಕಿ ನನಗೆ ಕಲಿಸಿದ್ದು ಎರಡು ಪಾಲು."

ಏನು ಕಲಿಸಿದಳು? ಡಾಕ್ಟರು ಅದನ್ನು ಮುಚ್ಚಿಡಲಿಲ್ಲ. ಜ್ವರ ಏರಿದರೆ ನಾಡಿಯೂ ಏರಬೇಕು, ಅದು ರೂಢಿ. ಈ ಜ್ವರದಲ್ಲಿ ಮೈ ಬೆಂಕಿಯಾದರೂ ನಾಡಿ ಅಷ್ಟು ಏರುವುದಿಲ್ಲ. ಜ್ವರ ಇಳಿದ ಮೇಲಂತೂ ಅರವತ್ತು, ಐವತ್ತು, ನಲವತ್ತೈದಕ್ಕೂ ಬಂದು ಕೂರುತ್ತದೆ. ಮೊದಲ ವಾರ ಡಾಕ್ಟರೇ ಗಾಬರಿಯಾಗಿ, ಎದೆ ಸೋಲುತ್ತಿದೆಯೆಂದು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಚುಚ್ಚಿದರು. ಮೂರು ಮನೆಯವರು, ಸಾಯುವುದಾದರೆ ಊರಲ್ಲೇ ಸಾಯಲಿ ಎಂದು ತಮ್ಮವರನ್ನು ಬಂಡಿಯಲ್ಲಿ ಹಾಕಿಕೊಂಡು ಹೋದರು. ಸತ್ತರೇ? ಇಲ್ಲ! ಒಬ್ಬ ಮೂರು ವಾರದ ನಂತರ ತಲೆಯ ಮೇಲೆ ಕುಂಬಳಕಾಯಿ ಹೊತ್ತು ಡಾಕ್ಟರನ್ನು ನೋಡಲು ಬಂದ. ತಂಗೆವ್ವ ಅವನ ಹಳೆಯ ನೂಲುಗಳನ್ನು ತೆಗೆದು ತೋರಿಸಿದಳು. ಗಂಟು ಇಳಿಯುತ್ತ ಹೋದವರೆಲ್ಲ ಎದ್ದು ಮನೆಗೆ ನಡೆದಿದ್ದರು.

ಎಲ್ಲರೂ ನಡೆಯಲಿಲ್ಲ. ನಾಗೂಬಾಯಿ ಎಂಬ ಹತ್ತೊಂಬತ್ತರ ಸೊಸೆಯೊಬ್ಬಳಿದ್ದಳು. ಆಕೆಗೆ ಜ್ವರ ಇಳಿಯಿತು, ಮನೆಯವರು ಸಕ್ಕರೆ ಹಂಚಿದರು. ಆಕೆಯ ನಾಡಿ ಮಾತ್ರ ಇಳಿಯಲಿಲ್ಲ, ಹತ್ತರಿಂದ ಹದಿಮೂರು ಗಂಟಿಗೆ ಏರಿತು, ದಾರದ ಎಳೆಯಷ್ಟು ಸಣ್ಣಗಾಯಿತು, ಅಂಗಾಲು ತಣ್ಣಗಾದವು. "ಜ್ವರಾ ಬಿಟ್ಟೈತಿ ಅಂತ ನಾನೂ ಸಕ್ರಿ ತಿಂದೇನಿ ಸಾಹೇಬ್ರ," ಎನ್ನುತ್ತ ತಂಗೆವ್ವ ನನ್ನ ಮುಖ ನೋಡುವುದಿಲ್ಲ. "ನನ್ನ ಕೈಯಾಗ ಹದಿಮೂರು ಗಂಟ ಇದ್ವು. ಅವು ಏನ ಹೇಳಾಕತ್ತಾವಂತ ತಿಳೀಲಿಲ್ಲ. ಸಂಜಿಮುಂದ ಹೋದಳು."

ಅಂದಿನಿಂದ ದವಾಖಾನೆಗೆ ಒಂದು ಕಟ್ಟಪ್ಪಣೆ. ಜ್ವರ ಬಿಟ್ಟು ಗಂಟು ಇಳಿದರೆ ಮಲಗಲು ಬಿಡಿ. ಜ್ವರ ಬಿಟ್ಟೂ ಗಂಟು ಹತ್ತು ಮುಟ್ಟಿದರೆ ಡಾಕ್ಟರಿಗೂ ಕಾಯಬೇಡಿ, ಟ್ಯಾಕ್ಸಿ ಹಿಡಿದು ನೇರ ಕೊಲ್ಹಾಪುರದ ದೊಡ್ಡ ದವಾಖಾನೆಗೆ ಒಯ್ಯಿರಿ. ಅಲ್ಲಿಂದೀಚೆ ಈ ವಾರ್ಡಿನಲ್ಲಿ ಈ ಜ್ವರಕ್ಕೆ ಯಾರೂ ಸತ್ತಿಲ್ಲ. ಈ ವರ್ಷವೂ ಜ್ವರ ಬಂದಿದೆ, ಆದರೆ ಭಯ ಅರ್ಧ ಇಳಿದಿದೆ. ಇಲ್ಲಿಯವರೆಗೆ ಬರೆದುಕೊಂಡು, ಲೇಖನಕ್ಕೆ ಇಷ್ಟು ಸಾಕು ಎಂದು ನಾನು ಪೆನ್ನು ಮುಚ್ಚಿದೆ. ಎಂಥ ಜಾಣ ನಾನು!

ಬೆಳಗಿನ ಎಣಿಕೆ ಮುಗಿಸಿ ತಂಗೆವ್ವ ನಳದ ನೀರು ಹಿಡಿಯಲು ಮನೆಗೆ ಹೋಗಿದ್ದಾಳೆ, ಎಂಟಕ್ಕೆ ವಾಪಸು ಬರುತ್ತಾಳೆ. ನಾನು ಬಾಗಿಲ ಬಳಿ ಬೆಂಚಿನ ಮೇಲೆ ತೂಕಡಿಸುತ್ತಿದ್ದೇನೆ. ನಡುವೆ ಒಮ್ಮೆ ಕಣ್ಣು ತೆರೆದಾಗ ಜನಾಬಾಯಿ ಮಂಚದ ಸರಳಿಗೆ ಹಣೆ ಹಚ್ಚಿ, ಕೈಯಲ್ಲಿ ಏನೋ ಹಿಡಿದು, ತುಟಿ ಅಲುಗಿಸುತ್ತಿದ್ದಾಳೆ. ದೇವರನ್ನು ನೆನೆಯುತ್ತಿದ್ದಾಳೆಂದು ನಾನು ಮತ್ತೆ ಕಣ್ಣು ಮುಚ್ಚುತ್ತೇನೆ.

ಏಳೂವರೆಗೆ ಕಂಪೌಂಡರ್ ರಾಮಲಿಂಗ ಬರುತ್ತಾನೆ. ಒಳ್ಳೆಯ ಮನುಷ್ಯ, ಆದರೆ ಹೋದ ವರ್ಷ ತಾನೇ ಅನುಭವಿಸಿದ ಜ್ವರದ ಹೆದರಿಕೆ ಇನ್ನೂ ಹೊಟ್ಟೆಯಲ್ಲಿದೆ. ಮಾಯಪ್ಪನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ತೆಗೆಯುತ್ತಾನೆ. ಜ್ವರ ಇಲ್ಲ. ಸರಳಿನ ಕೊನೆಯ ನೂಲು ಹಿಡಿದು ಗಂಟು ಎಣಿಸುತ್ತಾನೆ. ಇನ್ನೊಮ್ಮೆ ಎಣಿಸುತ್ತಾನೆ. ಮುಖ ಬೆಳ್ಳಗಾಗುತ್ತದೆ.

"ಹತ್ತು! ಹತ್ತ ಅದಾವ ರೀ!" ಮಾಯಪ್ಪನ ಕೈ ಹಿಡಿದು, ಗೋಡೆ ಗಡಿಯಾರ ನೋಡಿ, ಬಾಯಲ್ಲೇ ಎಣಿಸುತ್ತಾನೆ. "ಅರ್ಧಾ ಮಿನೀಟಿಗೆ ಐವತ್ತಾರು! ಓಡಾಕತ್ತೈತಿ! ಯಾರರೆ ಹೋಗಿ ಧೋಂಡಿಬಾನ ಟ್ಯಾಕ್ಸಿ ತರ್ರಿ, ತಾಬಡತೋಬ!"

ನನ್ನ ನಿದ್ದೆ ಹಾರಿಹೋಗುತ್ತದೆ. ಬೆಳಿಗ್ಗೆ ಐದು ಗಂಟು ಹಾಕಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ, ನೋಟ್‌ಬುಕ್ಕಿನಲ್ಲೂ ಬರೆದಿದ್ದೇನೆ. "ಐದಿತ್ತಲ್ರೀ," ಎನ್ನುತ್ತೇನೆ. "ನೀವು ತಪ್ಪ ಬರಕೊಂಡಿರಬೇಕು," ಎಂದು ರಾಮಲಿಂಗ ಗದರುತ್ತಾನೆ. ನನಗೂ ಅನುಮಾನವಾಗುತ್ತದೆ. ಚಹಾ ಕುಡಿಯದ ತಲೆ, ಏನೋ ಆಗಿರಬಹುದು ಎಂದು ಸುಮ್ಮನಾಗುತ್ತೇನೆ. ಆ ಸುಮ್ಮನಿದ್ದದ್ದಕ್ಕೆ ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯುತ್ತದೆ. "ಯೇಣಾರ ಕೀ ನಾಹೀ? ಲವಕರ ಸಾಂಗಾ!" ಎಂದು ಧೋಂಡಿಬಾ ಮರಾಠಿಯಲ್ಲಿ ಕೂಗುತ್ತಾನೆ, ಬರುತ್ತೀರೋ ಇಲ್ಲವೋ ಬೇಗ ಹೇಳಿ ಅಂತ. ಇಬ್ಬರು ಸೇರಿ ಮಾಯಪ್ಪನನ್ನು ಎಬ್ಬಿಸಿ ಕೂರಿಸುತ್ತಾರೆ, ಹೆಗಲು ಹಿಡಿದು ನಿಲ್ಲಿಸುತ್ತಾರೆ. ನಿಂತದ್ದೇ ತಡ, ಅವನ ತುಟಿ ಬಣ್ಣ ಕಳೆದುಕೊಳ್ಳುತ್ತದೆ, ಕತ್ತು ವಾಲುತ್ತದೆ, ಮೊಣಕಾಲು ಮಡಚಿಕೊಳ್ಳುತ್ತವೆ. ಜನಾಬಾಯಿ ಚೀರುತ್ತಾಳೆ. ಸತ್ತೇ ಹೋದನೆಂದು ನಾನೂ ಅಂದುಕೊಳ್ಳುತ್ತೇನೆ.

"ಮಲಗಸ್ರಿ! ಮೊದಲ ಮಲಗಸ್ರಿ ಅವನ!"

ಬಾಗಿಲಲ್ಲಿ ತಂಗೆವ್ವ. ಕೊಡ ಎಲ್ಲಿ ಇಟ್ಟಳೋ, ಸೀರೆಯೆಲ್ಲ ಒದ್ದೆ. ಮಾಯಪ್ಪನನ್ನು ಮಂಚದ ಮೇಲೆ ಉದ್ದಕ್ಕೆ ಮಲಗಿಸಿ ಕಾಲ ಕೆಳಗೆ ದಿಂಬು ಕೊಡುತ್ತಾಳೆ. ಒಂದು ಗಳಿಗೆ ಬಿಟ್ಟು ಅವನು ಕಣ್ಣು ತೆರೆಯುತ್ತಾನೆ. ರಾಮಲಿಂಗ ನೂಲು ತೋರಿಸಿ, "ಯಕ್ಕಾ, ಹತ್ತ ಗಂಟ ಅದಾವ, ಕೊಲ್ಹಾಪುರಕ್ಕ ಒಯ್ಯಬೇಕು," ಎನ್ನುವಷ್ಟರಲ್ಲಿ ಆಕೆ ಆ ನೂಲನ್ನು ಎರಡು ಬೆರಳ ನಡುವೆ ಎಳೆಯುತ್ತಾಳೆ. ಐದು ಗಂಟು ಸರ್ರನೆ ಜಾರುತ್ತವೆ. ಆರನೆಯದಕ್ಕೆ ಬೆರಳು ನಿಲ್ಲುತ್ತದೆ.

"ಇವು ನನ್ನ ಗಂಟಲ್ಲ."

ಕಂಡಿಕೆ ಸುತ್ತಿದವರ ಗಂಟು ಎಳ್ಳಿನಷ್ಟಿರುತ್ತದೆ. ದಪ್ಪ ಗಂಟು ಮಗ್ಗದಲ್ಲಿ ಸಿಕ್ಕಿ ನೂಲು ಕಡಿಯುತ್ತದೆ. ಉಳಿದ ಐದು ಗಂಟುಗಳು ಕುಪ್ಪಸದ ತುದಿ ಬಿಗಿದ ಹಾಗೆ ಉಬ್ಬಿಕೊಂಡಿವೆ. ತಂಗೆವ್ವ ಯಾರನ್ನೂ ಕೇಳುವುದಿಲ್ಲ. ಜನಾಬಾಯಿ ತಾನಾಗೇ ಮುಂದೆ ಬರುತ್ತಾಳೆ.

"ನಾನ ಹಾಕೇನಿ ಆತ್ಯಾ. ನಮ್ಮೂರಾಗ ಜ್ವರಾ ಬಂದ್ರ ಗಂಟಿನ ದಾರಾ ಕಟ್ಟತಾರ. ಗಂಟ ಇರೂತನಾ ಜೀವ ಇರತೈತಿ ಅಂತಾರ. ನೀವು ದಿನಾ ಕಮ್ಮಿ ಕಮ್ಮಿ ಮಾಡಾಕತ್ತಿದ್ರಿ. ಹನ್ನೊಂದು, ಒಂಬತ್ತು, ಏಳು… ಇವತ್ತ ಐದು. ನಾಳಿಗಿ ಮೂರಾದ್ರ ನಾ ಏನ ಮಾಡ್ಲಿ? ದೇವರ ಹೆಸರ ತಗೊಂಡು ಐದು ಹಾಕಿದೆ. ನಾನ ಕೊಂದೆನೇನ್ರಿ ಅವರನ್ನ?"

ತಂಗೆವ್ವ ಮೊದಲು ತನ್ನ ಕೈ ತಿಕ್ಕಿ ಬಿಸಿ ಮಾಡಿಕೊಳ್ಳುತ್ತಾಳೆ, ಶೀಸೆ ತಿರುಗಿಸುತ್ತಾಳೆ. ಆ ಒಂದು ನಿಮಿಷದಷ್ಟು ಉದ್ದದ ನಿಮಿಷವನ್ನು ನನ್ನ ಆಯುಷ್ಯದಲ್ಲಿ ನಾನು ಕಂಡಿಲ್ಲ. ಮರಳು ಮುಗಿದದ್ದೇ ಇನ್ನೊಮ್ಮೆ ತಿರುಗಿಸುತ್ತಾಳೆ. ಆಮೇಲೆ ಅಂಗಾಲು ಮುಟ್ಟಿ ನೋಡುತ್ತಾಳೆ.

"ನಸುಕಿನ್ಯಾಗ ಉಚ್ಚಿ ಹೋಗ್ಯಾನೇನು?"

"ಹೌದ್ರಿ. ಎರಡ ಸರ್ತಿ," ಎನ್ನುತ್ತಾಳೆ ಜನಾಬಾಯಿ, ಮುಖ ಎತ್ತದೆ.

"ನಲವತ್ತೇಳು. ಎರಡನೇದಕ್ಕೂ ನಲವತ್ತೇಳು. ನಾಡಿ ತುಂಬಿ ಬಡಿಯಾಕತ್ತೈತಿ, ಕಾಲು ಬೆಚ್ಚಗ ಅದಾವ." ಇಷ್ಟು ಹೇಳಿ ತಂಗೆವ್ವ ಮಂಚದ ಅಂಚಿಗೆ ಕೂತು ಉಸಿರು ಬಿಡುತ್ತಾಳೆ. "ಅಷ್ಟ ಸಾವಕಾಶ ನಾಡಿ ಇದ್ದಾಂವನ್ನ ಒಮ್ಮಿಗೇ ನಿಂದರಿಸಿದ್ರ ಕಣ್ಣಿಗೆ ಕತ್ತಲ ಬರಲಾರದ ಏನಾದೀತು? ಏನೂ ಆಗಿಲ್ಲ. ಬದಕ್ಯಾನ."

ರಾಮಲಿಂಗ ಒಪ್ಪುವುದಿಲ್ಲ. "ನಾನ ಎಣಿಸೇನಿ ಯಕ್ಕಾ, ಅರ್ಧಾ ಮಿನೀಟಿಗೆ ಐವತ್ತಾರು!"

"ಯಾವ ಬೆರಳ ಹಚ್ಚಿದ್ರಿ ಅಣ್ಣಾ?"

ರಾಮಲಿಂಗ ಹೆಬ್ಬೆರಳು ಎತ್ತಿ ತೋರಿಸುತ್ತಾನೆ.

"ಅಯ್ಯ ನನ ಶಿವನ! ಹೆಬ್ಬೆರಳಾಗ ತನ್ನದ ನಾಡಿ ಇರತೈತಲ್ರಿ. ಹೆದರಿಕಿ ಹೊತ್ತಿನ್ಯಾಗ ನಿಮ್ಮ ನಾಡಿ ನೀವ ಎಣಿಸೀರಿ!"

ಮೊದಲು ನಕ್ಕದ್ದು ಎಂಟನೇ ಮಂಚದವನು. ಆಮೇಲೆ ಇಡೀ ವಾರ್ಡು. ಬಾಗಿಲಿಗೆ ಬಂದು ನಿಂತಿದ್ದ ಧೋಂಡಿಬಾ, "ಮಗ ಕಂಪೌಂಡರಲಾಚ್ ನೇತೋ ಕೊಲ್ಹಾಪುರಲಾ," ಎಂದು ರಾಮಲಿಂಗನ ಕಡೆ ಕೈ ಮಾಡುತ್ತಾನೆ, ಹಾಗಾದರೆ ಕಂಪೌಂಡರನನ್ನೇ ಕೊಲ್ಹಾಪುರಕ್ಕೆ ಒಯ್ಯುತ್ತೇನೆ ಅಂತ. ಹದಿನೆಂಟು ವರ್ಷ ಕೆಲಸ ಮಾಡಿದ ಕಂಪೌಂಡರ್ ಹೆಬ್ಬೆರಳನ್ನು ಜೇಬಿಗೆ ತುರುಕಿಕೊಂಡು ತಾನೂ ನಗುತ್ತಾನೆ. ಮಾಯಪ್ಪ ಮಾತ್ರ ನಗುವುದಿಲ್ಲ. ಬಿಳಿ ತುಟಿ ನೆಕ್ಕಿಕೊಂಡು, "ನನಗ ಹಸಿವ್ಯಾಗೇತಿ," ಎನ್ನುತ್ತಾನೆ. ಏಳು ದಿನದಲ್ಲಿ ಅವನು ಊಟ ಕೇಳಿದ್ದು ಅದೇ ಮೊದಲು. ಜನಾಬಾಯಿ ಅಳುತ್ತಲೇ ಗಂಜಿಗೆ ಎದ್ದು ಓಡುತ್ತಾಳೆ. ನನ್ನ ಕಣ್ಣೂ ಒದ್ದೆಯಾದವು, ನಾಚಿಕೆಯೇನೂ ಇಲ್ಲ.

ಗಂಜಿ ಕುಡಿಸಿದ ಮೇಲೆ ತಂಗೆವ್ವ ಆಕೆಯನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತಾಳೆ. ಬೈಯುತ್ತಾಳೇನೋ ಎಂದು ನಾನು ಹತ್ತಿರ ಸರಿಯುತ್ತೇನೆ.

"ತಪ್ಪು ನಂದವ್ವ. ಅರವತ್ತಾರು ಸರ್ತಿ ಎಣಸ್ತೇನಿ, ಒಂದ ಸರ್ತೀನೂ ನಿಮಗ ಯಾರಿಗೂ ಬಿಡಿಸಿ ಹೇಳಲಿಲ್ಲ. ಡಾಕ್ಟರರಿಗೆ ತಿಳದ್ರ ಸಾಕು ಅಂದಕೊಂಡೆ. ನಿನ್ನ ಗಂಡನ ನೂಲು, ನಿನಗ ಮೊದಲ ತಿಳೀಬೇಕಿತ್ತು. ಇವು ಜೀವದ ಗಂಟಲ್ಲ. ಎದಿ ಎಷ್ಟ ದಣದೈತಿ ಅನ್ನೂದರ ಗುರುತು. ಆರ ದಿನಾ ಓಡಿ ಓಡಿ ಸಾಕಾಗೇತಿ ಅದಕ್ಕ, ಈಗ ಸಾವಕಾಶ ನಡಿಯಾಕತ್ತೈತಿ. ನಡೀಲಿ ಬಿಡು. ಇಲ್ಲಿ ತಾ ಕೈ."

ಜನಾಬಾಯಿಯ ಮೂರು ಬೆರಳನ್ನು ಹಿಡಿದು ಮಾಯಪ್ಪನ ಮಣಿಕಟ್ಟಿನ ಮೇಲೆ ಇಡುತ್ತಾಳೆ. "ಹೆಬ್ಬೆರಳ ಬ್ಯಾಡ," ಎಂದು ರಾಮಲಿಂಗ ದೂರದಿಂದಲೇ ಹೇಳುತ್ತಾನೆ, ಮತ್ತೆ ನಗು. ಜನಾಬಾಯಿ ಮೊದಲು ತಡಕಾಡುತ್ತಾಳೆ, ಆಮೇಲೆ ಆಕೆಯ ಹುಬ್ಬು ಮೇಲೇರುತ್ತದೆ. "ಸಿಕ್ಕಿತ್ರಿ! ಬಡಿಯಾಕತ್ತೈತಿ!" ಇಷ್ಟು ತಿಂಗಳು ಒಂದೇ ಕೋಣೆಯಲ್ಲಿ ಸಂಸಾರ ಮಾಡಿದ ಹುಡುಗಿ, ಗಂಡನ ನಾಡಿಯನ್ನು ಮೊದಲ ಸಲ ಮುಟ್ಟಿದ ಸಂಭ್ರಮ ಅದು. ಹೊಟ್ಟೆ ತುಂಬಿದ ಮಾಯಪ್ಪ ಆಗಲೇ ನಿದ್ದೆ ಹೋಗಿದ್ದಾನೆ.

ಮಧ್ಯಾಹ್ನದ ಬಸ್ಸಿಗೆ ಡಾಕ್ಟರು ಬಂದರು. ರಕ್ತದ ಒತ್ತಡ ನೋಡಿದರು, ಸರಿಯಾಗಿದೆ ಎಂದರು. ಕಥೆ ಕೇಳಿ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ಕಟ್ಟಪ್ಪಣೆಗೆ ಇನ್ನೊಂದು ಸಾಲು ಸೇರಿಸಿದರು: ನೂಲು ನೋಡುವ ಮುಂಚೆ ಕೈ ಹಿಡಿಯಿರಿ, ಮೂರು ಬೆರಳಿನಿಂದ. ನಿಂತವರನ್ನೆಲ್ಲ ಸುತ್ತ ನೋಡಿ, "ಅದನ್ನು ನನಗೂ ಸೇರಿಸಿಯೇ ಹೇಳಿದ್ದು," ಎಂದರು.

ಸಂಜೆ ಆರಕ್ಕೆ ಮತ್ತೆ ಎಣಿಕೆ. ಈ ಸಲ ತಂಗೆವ್ವ ಪ್ರತಿ ಮಂಚದ ಬಳಿಯೂ ನಿಂತು ಮನೆಯವರಿಗೆ ನೂಲು ಓದಿ ಹೇಳುತ್ತಾಳೆ. ಗಂಟು ಇಳಿದು ಕಾಲು ಬೆಚ್ಚಗಿದ್ದರೆ ಹೆದರಬೇಡಿ, ಗಂಟು ಏರಿ ಕಾಲು ತಣ್ಣಗಾದರೆ ಒಂದು ಗಳಿಗೆಯೂ ಕಾಯಬೇಡಿ. ಹೊತ್ತು ಎರಡು ಪಾಲು ಹಿಡಿಯುತ್ತದೆ, ಆಕೆ ಬೇಸರಿಸುವುದಿಲ್ಲ. ಏಳನೇ ಮಂಚಕ್ಕೆ ಬಂದಾಗ ಶೀಸೆಯನ್ನು ಜನಾಬಾಯಿಯ ಕೈಗೆ ಕೊಡುತ್ತಾಳೆ. ಒಂದು ಮಣಿಕಟ್ಟನ್ನು ಆಕೆ ಹಿಡಿಯುತ್ತಾಳೆ, ಇನ್ನೊಂದನ್ನು ಈಕೆ. ಮರಳು ಮುಗಿಯುತ್ತದೆ.

"ಐವತ್ತೊಂದು," ಎನ್ನುತ್ತಾಳೆ ಜನಾಬಾಯಿ, ಪರೀಕ್ಷೆ ಬರೆದವಳಂತೆ ತಂಗೆವ್ವನ ಮುಖ ನೋಡಿ.

ತಂಗೆವ್ವ ತನ್ನ ಎಣಿಕೆ ಹೇಳುವುದಿಲ್ಲ. ನೂಲಿಗೆ ಐದು ಗಂಟು ಹಾಕಿ ಕಟ್ಟುತ್ತಾಳೆ, ಅಷ್ಟೇ. ಹೊರಡುವ ಹೊತ್ತಿಗೆ ನಾನು, ಪತ್ರಿಕೆಯವರೆಲ್ಲ ಕೇಳುವ ಪ್ರಶ್ನೆಯನ್ನೇ ಕೇಳುತ್ತೇನೆ. ಇಷ್ಟು ಮಂದಿಯನ್ನು ಉಳಿಸಿದ್ದೀರಿ, ನಿಮಗೆ ಏನಾಗಬೇಕು? ಹೊಸ ಗಡಿಯಾರವೋ, ಸನ್ಮಾನವೋ ಎಂದು ನಾನು ಬರೆಯಲು ಸಿದ್ಧನಾಗಿದ್ದೇನೆ.

"ಉಳಿಸೂದು ಎಲ್ಲಿಂದ ಬಂತ್ರಿ, ನಾ ಎಣಸಾಕಿ," ಎಂದು ಆಕೆ ಚಪ್ಪಲಿ ಮೆಟ್ಟುತ್ತಾಳೆ. ಒಂದು ವರ್ಷದಿಂದ ರಾತ್ರಿಯ ಎಣಿಕೆಗೆ ಮತ್ತೆ ಬಂದು, ನಸುಕಿನಲ್ಲಿ ಮತ್ತೆ ಎದ್ದು, ಆಕೆ ಸರಿಯಾಗಿ ಮಲಗಿಲ್ಲವೆಂದು ಆಗ ನನಗೆ ಹೊಳೆಯುತ್ತದೆ. ಹಿಂತಿರುಗಿ ವಾರ್ಡಿನೊಳಗೆ ನೋಡುತ್ತಾಳೆ. ಜನಾಬಾಯಿ ಶೀಸೆಯನ್ನು ಮತ್ತೆ ತಿರುಗಿಸಿ, ಎಂಟನೇ ಮಂಚದವನ ಕೈ ಹಿಡಿದು ಕೂತಿದ್ದಾಳೆ. ರಾಮಲಿಂಗ ಮೂರು ಬೆರಳು ಚಾಚಿ ಒಂಬತ್ತನೆಯವನ ಕಡೆ ನಡೆದಿದ್ದಾನೆ.

ತಂಗೆವ್ವನ ಮುಖದಲ್ಲಿ ಆ ದಿನ ನಾನು ಕಾಣದ ಒಂದು ನಗು ಬರುತ್ತದೆ. "ಆ ಹುಡುಗಿ ಎಣಿಕಿ ಬರೋಬ್ಬರಿ ಐತ್ರಿ. ನಂದೂ ಐವತ್ತೊಂದ ಬಂದಿತ್ತು. ಇವತ್ತ ರಾತ್ರಿ ನಾ ಮನಿಯಾಗ ಮಲಗತೇನಿ."